ತೋಡಿಗೆ ಮತ್ತೆ ಕಟ್ಟ ಹಾಕಬೇಕೆಂದಿದ್ದೇವೆ, ನಿಮ್ಮ ಊರಲ್ಲಿ ಏನು ಮಾಡಿದ್ದೀರಿ ಹೇಳಿ

ತೋಡಿನ ಬದಿ (ವಿಟ್ಲ ಕಡೆ) · 9 ನವೆಂಬರ್ 2025

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ದಯವಿಟ್ಟು ಓದಿ.

ನಮ್ಮದು ಬಂಟ್ವಾಳ ತಾಲ್ಲೂಕಿನ ಒಂದು ಬೈಲು (ಗುಡ್ಡಗಳ ನಡುವಿನ ತಗ್ಗು ಜಾಗ). ಮೂರು ಎಕರೆ ಅಡಿಕೆ ತೋಟ, ಅದರ ಬದಿಯಲ್ಲೇ ತೋಡು, ಅಂದರೆ ಸಣ್ಣ ಹಳ್ಳ. ಈ ವರ್ಷ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು. ಸರಿಯಾಗಿ ಪತ್ತನಾಜೆಯ ಹೊತ್ತಿಗೆ (ತುಳುನಾಡಿನಲ್ಲಿ ಮಳೆಗಾಲ ಹತ್ತಿರ ಬಂತು ಎನ್ನುವ ಗುರುತಿನ ದಿನ). 2009ರ ನಂತರ ಇಷ್ಟು ಬೇಗ ಬಂದದ್ದಿಲ್ಲ. ಎರಡೇ ವರ್ಷ ಹಿಂದೆ, 2023ರಲ್ಲಿ, ಅದೇ ಮುಂಗಾರಿಗೆ ಜೂನ್ 8 ಆಗಿತ್ತು. ಆ ವರ್ಷದ ಆಗಸ್ಟ್ ದೇಶದಲ್ಲಿ 1901ರಿಂದ ಈಚೆಗೆ ಅತಿ ಒಣ ಆಗಸ್ಟ್. ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದವು. ಒಂದು ವರ್ಷ ಹಾಗೆ, ಒಂದು ವರ್ಷ ಹೀಗೆ. ಈ ಸಲ ಅಡಿಕೆಗೆ ಮದ್ದು ಬಿಡಲು ನಾಲ್ಕು ದಿನ ಬಿಸಿಲು ಸಿಗದೆ ಅರ್ಧ ತೋಟಕ್ಕೆ ಕೊಳೆರೋಗ ಬಂತು.

ಮಳೆ ಕಡಿಮೆ ಎಂದು ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಬೀಳುತ್ತದೆ. ಒಂದು ಎಕರೆಗೆ ಲೆಕ್ಕ ಹಾಕಿದರೆ ಸುಮಾರು 1.4 ಕೋಟಿ ಲೀಟರ್. ಇಷ್ಟು ಬಿದ್ದೂ ಜನವರಿ ಕಳೆಯುವಾಗ ನಮ್ಮ ತೋಡು ಒಣಗುತ್ತದೆ. 2019ರ ಮೇ ತಿಂಗಳು ನೆನಪಿದೆಯಾ? ನೇತ್ರಾವತಿ ಬತ್ತಿ, ಧರ್ಮಸ್ಥಳಕ್ಕೆ ಬರುವುದನ್ನು ಸ್ವಲ್ಪ ಮುಂದೂಡಿ ಎಂದು ಭಕ್ತರನ್ನು ಕೇಳಿಕೊಳ್ಳಬೇಕಾಯಿತು.

ನನ್ನ ಅಜ್ಜನ ಕಾಲದಲ್ಲಿ ಈ ತೋಡಿಗೆ ಐದು ಕಟ್ಟ ಇತ್ತಂತೆ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಮಳೆ ನಿಂತು ಹರಿವು ಇಳಿದ ಮೇಲೆ ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ತುಂಡು ಹಾಕಿ ತೋಡಿಗೆ ಅಡ್ಡ ಕಟ್ಟುವ ತಾತ್ಕಾಲಿಕ ಒಡ್ಡು ಅದು. ಮುಂದಿನ ಮಳೆಗೆ ಬಿಚ್ಚುವುದು. ಆಗ ಬೈಲಿನಲ್ಲಿ ಭತ್ತದ ಮೂರು ಬೆಳೆ: ಮಳೆಗಾಲದ ಏಣೆಲು, ಚಳಿಗಾಲದ ಸುಗ್ಗಿ, ಬೇಸಿಗೆಯ ಕೊಳಕೆ. ಕೊಳಕೆಗೆ ನೀರು ಕಟ್ಟದಿಂದಲೇ. ಗದ್ದೆ ಹೋಗಿ ತೋಟ ಬಂತು, ಪಂಪು ಬಂತು, ಬೋರ್‌ವೆಲ್ ಬಂತು. ಕಟ್ಟ ಯಾರಿಗೂ ಬೇಡವಾಯಿತು. ಕೊನೆಯ ಕಟ್ಟ ನಾನು ಆರನೇ ಕ್ಲಾಸಿನಲ್ಲಿದ್ದಾಗ ನೋಡಿದ್ದು.

ಈ ವರ್ಷ ಮತ್ತೆ ಹಾಕೋಣ ಎಂದು ನಾವು ನಾಲ್ಕೈದು ಮನೆಯವರು ಮಾತಾಡಿದ್ದೇವೆ. ಅನುಭವ ಇದ್ದವರು ಹೇಳಿ. ಏನು ತಪ್ಪಾಗಬಹುದು?

ಬಿಸಿಲೂರು (ರಾಯಚೂರು) · 9 ನವೆಂಬರ್

ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ. ಹವಾಮಾನ ಕೆಡಿಸಿದವರು ಯಾರೋ. ಅಮೆರಿಕದಲ್ಲಿ ಒಬ್ಬ ಮನುಷ್ಯನ ಲೆಕ್ಕಕ್ಕೆ ವರ್ಷಕ್ಕೆ 14 ಟನ್ ಆಸುಪಾಸು ಇಂಗಾಲದ ಡೈಆಕ್ಸೈಡ್, ನಮ್ಮ ದೇಶದಲ್ಲಿ ಸುಮಾರು 2 ಟನ್. ನಮ್ಮ ಹಳ್ಳಿಯಲ್ಲಿ ಅಷ್ಟೂ ಇರಲಿಕ್ಕಿಲ್ಲ. ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆಗೆ ಹೊಲದಿಂದ ಎದ್ದು ಬರಬೇಕು, ಅಂಥ ಬಿಸಿಲು ನಮಗೆ. ನೀವು ತೋಡಿಗೆ ಮಣ್ಣು ಹಾಕಿದರೆ ಇದೆಲ್ಲ ಸರಿ ಹೋಗುತ್ತದಾ?

ತೋಡಿನ ಬದಿ · 9 ನವೆಂಬರ್

ಇಲ್ಲ ಅಣ್ಣ, ಸರಿ ಹೋಗುವುದಿಲ್ಲ. ಕೆಡಿಸಿದವರನ್ನು ಕೇಳಲೇಬೇಕು. ಆದರೆ ಫೆಬ್ರವರಿಗೆ ನನ್ನ ಬಾವಿಯಲ್ಲಿ ನೀರು ಬೇಕು. ಅದಕ್ಕೆ ಯಾರ ಒಪ್ಪಂದಕ್ಕೂ ಕಾಯಲು ನನ್ನಿಂದ ಆಗುವುದಿಲ್ಲ.

ಲೆಕ್ಕದ ಮೇಷ್ಟ್ರು (ಮಂಡ್ಯ) · 10 ನವೆಂಬರ್

ಇಬ್ಬರ ಮಾತಿಗೂ ಒಂದು ಕೊಂಡಿ ಇದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ತೇವ ಹಿಡಿದುಕೊಳ್ಳುತ್ತದೆ. ಹಿಡಿದಷ್ಟು ಹೊತ್ತು ನಮಗೆ ಒಣಹವೆ. ಬಿಟ್ಟಾಗ ಒಮ್ಮೆಲೇ ಸುರಿಯುತ್ತದೆ. ಅದಕ್ಕೇ ವರ್ಷದ ಮೊತ್ತ ಹಳೆಯದೇ ಇದ್ದರೂ ಮಳೆಯ ದಿನ ಕಡಿಮೆ, ರಭಸ ಜಾಸ್ತಿ. ರಭಸದ ಮಳೆ ಇಂಗುವುದಿಲ್ಲ, ಓಡುತ್ತದೆ. ಓಡುವುದನ್ನು ನಿಲ್ಲಿಸುವುದು ಊರಿನವರ ಕೈಯಲ್ಲೇ ಇರುವ ಕೆಲಸ.

ಇನ್ನೊಂದು ಲೆಕ್ಕ. ಹತ್ತು ಮೀಟರ್ ಆಳದ ಬಾವಿಯಿಂದ ನೀರೆತ್ತಲು ಬೇಕಾಗುವ ಕರೆಂಟಿಗೆ ಹೋಲಿಸಿದರೆ ನೂರು ಮೀಟರ್ ಬೋರ್‌ವೆಲ್‌ಗೆ ಹತ್ತು ಪಟ್ಟು ಬೇಕು. ಬಾವಿಯಲ್ಲೇ ನೀರು ನಿಂತರೆ ಅಷ್ಟು ಕಲ್ಲಿದ್ದಲು ಉಳಿಯಿತು. ರಾಯಚೂರಿನವರೇ, ನೀವು ಕೇಳಿದ್ದಕ್ಕೆ ಇದೂ ಸಣ್ಣ ಉತ್ತರ, ಅಲ್ವಾ?

ಏರಿ ಮೇಲೆ (ಕೋಲಾರ) · 10 ನವೆಂಬರ್

ನಮ್ಮ ಕಡೆ ವರ್ಷವಿಡೀ ಹರಿಯುವ ಹೊಳೆಯೇ ಇಲ್ಲ. ಕೆರೆಯೇ ಎಲ್ಲ. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕಿಂತ ಜಾಸ್ತಿ ಕೆರೆ ಇದ್ದವು. ಒಂದರ ಕೋಡಿ ಹರಿದರೆ ಇನ್ನೊಂದಕ್ಕೆ, ಅದು ತುಂಬಿದರೆ ಮತ್ತೊಂದಕ್ಕೆ.

ನೀವು ಏನು ತಪ್ಪಾಗಬಹುದು ಎಂದು ಕೇಳಿದಿರಿ. ನಮ್ಮಲ್ಲಿ ಏನು ತಪ್ಪಾಯಿತು ಅಂತ ಹೇಳುತ್ತೇನೆ. ಪ್ರತಿ ಕೆರೆಗೂ ಒಬ್ಬ ನೀರಗಂಟಿ ಇರುತ್ತಿದ್ದ. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಈ ವರ್ಷ ಭತ್ತವೋ ರಾಗಿಯೋ, ಎಲ್ಲ ಅವನಿಗೆ ಗೊತ್ತು. ಕಣದಲ್ಲಿ ಎಲ್ಲರೂ ಅವನ ಪಾಲು ಅಳೆದು ಕೊಡುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ತೂಬಿನ ಹಂಗು ಹೋಯಿತು. ಮೊದಲು ನೀರಗಂಟಿ ಹೋದ. ಆಮೇಲೆ ಕಾಲುವೆ ಮುಚ್ಚಿತು. ಕೊನೆಗೆ ಕೆರೆ ಹೋಯಿತು. ಹೂಳು ತುಂಬಿ ಕೆರೆ ಸತ್ತಿತು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಕೇಳುವವನು ಇಲ್ಲದೆ ಸತ್ತಿತು.

ಈಗ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು. ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದದ್ದು ನಿಜ. ಎರಡು ಹಂತದ ಶುದ್ಧಿ ಸಾಲದು, ಮೂರನೇ ಹಂತವೂ ಆಗಬೇಕು ಎಂದು ಜನ ಕೇಳುತ್ತಿರುವುದೂ ನಿಜ. ಆ ನೀರು ಎಲ್ಲಿಂದಲೋ ಬರುತ್ತದೆ, ಬಿಡುವವರು ಬೇರೆ ಯಾರೋ. ನಿಮ್ಮ ತೋಡಿನ ನೀರು ನಿಮ್ಮದು. ಕಟ್ಟ ಕಟ್ಟುವ ಮೊದಲು ನಿಮ್ಮ ನೀರಗಂಟಿ ಯಾರು ಅಂತ ಗೊತ್ತು ಮಾಡಿಕೊಳ್ಳಿ.

ತೋಡಿನ ಬದಿ · 10 ನವೆಂಬರ್

ಕೋಲಾರದ ಅಣ್ಣ, ನಿಮ್ಮ ಮಾತು ಎದೆಗೆ ತಾಗಿತು. ನಮ್ಮ ಮನೆಯಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ಒಂದು ಕಿಂಡಿ ಅಣೆಕಟ್ಟು ಉಂಟು. ಕಾಂಕ್ರೀಟ್ ಇವತ್ತಿಗೂ ಗಟ್ಟಿ. ಆದರೆ ನೀರು ನಿಲ್ಲಲು ಕಿಂಡಿಗೆ ಹಾಕುವ ಹಲಗೆಯನ್ನು ಮೂರು ವರ್ಷದಿಂದ ಯಾರೂ ಹಾಕಿಲ್ಲ. ಹಾಕಬೇಕಾದ್ದು ಯಾರು ಎಂದು ಕೇಳಿದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ. ನೀರು ಕಿಂಡಿಯಲ್ಲಿ ಹಾಗೇ ಹೋಗುತ್ತದೆ. ನೋಡಿದರೆ ಸಂಕಟ ಆಗುತ್ತದೆ.

ಕಾನುಮನೆ (ಶಿರಸಿ) · 11 ನವೆಂಬರ್

ಕೆಲಸದ ಬಗ್ಗೆ ನಾಲ್ಕು ಮಾತು. ನಾವು ಆರು ವರ್ಷದಿಂದ ಹಳ್ಳಕ್ಕೆ ಒಡ್ಡು ಹಾಕುತ್ತಿದ್ದೇವೆ.

ತೋಡು ಕಿರಿದಾಗಿರುವ, ಎರಡೂ ದಂಡೆ ಎತ್ತರ ಇರುವ ಜಾಗ ಹುಡುಕಿ. ತಳದ ಮರಳು ಪೂರ್ತಿ ಬಗೆದು ಗಟ್ಟಿ ಮಣ್ಣು ಸಿಕ್ಕಿದ ಮೇಲೆಯೇ ಕಟ್ಟಿ. ಇಲ್ಲಿ ಸೋಮಾರಿತನ ಮಾಡಿದರೆ ನೀರು ಅಡಿಯಿಂದಲೇ ಹೋಗುತ್ತದೆ. ಮೇಲೆ ಎಷ್ಟು ಚಂದ ಕಟ್ಟಿದರೂ ಪ್ರಯೋಜನ ಇಲ್ಲ. ನಮಗೆ ಮೊದಲ ವರ್ಷ ಹೀಗೇ ಆಯಿತು. ಎತ್ತರ ನಾಲ್ಕು ಅಡಿ ಸಾಕು, ಆಸೆ ಬೇಡ. ಸಿಮೆಂಟ್ ಚೀಲಕ್ಕೆ ಮರಳು ತುಂಬಿದರೆ ಬಿಸಿಲಿಗೆ ಚೀಲ ಪುಡಿಯಾಗಿ, ಮಳೆಗಾಲದಲ್ಲಿ ಆ ಪ್ಲಾಸ್ಟಿಕ್ ಚೂರೆಲ್ಲ ಕೆಳಗಿನವರ ಗದ್ದೆಗೆ ಹೋಗುತ್ತದೆ. ಅದರ ಬದಲು ಕಲ್ಲು ಕಟ್ಟಿ, ನೀರು ನಿಲ್ಲುವ ಬದಿಗೆ ಸಿಲ್ಪಾಲಿನ್ (ದಪ್ಪ ಪ್ಲಾಸ್ಟಿಕ್) ಹಾಳೆ ಹಾಸಿ. ಹಾಳೆಯ ಕೆಳ ಅಂಚನ್ನು ಮಣ್ಣಿನೊಳಗೆ ಹೂಳಬೇಕು. ಮಳೆಗಾಲಕ್ಕೆ ಬಿಚ್ಚಿ ಮಡಚಿಟ್ಟರೆ ಎರಡು ಮೂರು ವರ್ಷ ಬರುತ್ತದೆ.

ಮುಖ್ಯವಾಗಿ ಸಮಯ. ಬೇಗ ಕಟ್ಟಿದರೆ ಅಕಾಲ ಮಳೆ ಕೊಚ್ಚಿಕೊಂಡು ಹೋಗುತ್ತದೆ. 2021ರ ನವೆಂಬರ್‌ನಲ್ಲಿ ಎಂಥ ಮಳೆ ಬಂತು ನೋಡಿ. ತಡ ಮಾಡಿದರೆ ಹರಿವೇ ಇರುವುದಿಲ್ಲ. ಹಿಂದಿನವರಿಗೆ ಒಂದು ಅಂದಾಜು ಇತ್ತು, ಈಗ ಅದು ನಡೆಯುವುದಿಲ್ಲ. ನಾವು ಒಡ್ಡಿನ ನಡುವೆ ಮೂರು ಅಡಿ ಅಗಲ ಬಿಟ್ಟು ಹಲಗೆ ಇಡುತ್ತೇವೆ. ಮೋಡ ಕಂಡರೆ ಎರಡು ಹಲಗೆ ತೆಗೆದರಾಯಿತು.

ಒಂದೇ ಕಟ್ಟದಿಂದ ಜಾಸ್ತಿ ಗುಣ ಕಾಣುವುದಿಲ್ಲ. ಸಾಲಾಗಿ ಮೂರ್ನಾಲ್ಕು ಇದ್ದರೆ ಎರಡೂ ಬದಿಯ ಬಾವಿಗಳಿಗೆ ಗೊತ್ತಾಗುತ್ತದೆ. ಜೊತೆಗೆ ಗುಡ್ಡದಲ್ಲಿ ಇಂಗುಗುಂಡಿ ತೋಡಿ.

ಬರೆಯಂಚು (ಮಡಿಕೇರಿ) · 11 ನವೆಂಬರ್

ಕಾನುಮನೆಯವರ ಕೊನೆಯ ಮಾತಿಗೆ ನನ್ನದು ಬಲವಾದ ತಕರಾರು. ದಯವಿಟ್ಟು ಎಲ್ಲಾ ಗುಡ್ಡದಲ್ಲೂ ಗುಂಡಿ ತೋಡಬೇಡಿ.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜರಿದು ಏನಾಯಿತು ಎಂದು ನಾವು ಕಣ್ಣಾರೆ ಕಂಡಿದ್ದೇವೆ. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬೆಟ್ಟ. ಕಳೆದ ವರ್ಷ ಶಿರೂರು, ಅದಾಗಿ ಎರಡು ವಾರಕ್ಕೆ ವಯನಾಡು. ಕಡಿದಾದ ಇಳಿಜಾರಿನಲ್ಲಿ, ಆಳದ ಮಣ್ಣು ಇರುವಲ್ಲಿ, ನೀರು ಒಳಗೆ ಇಳಿದಷ್ಟೂ ಮಣ್ಣು ಭಾರವಾಗುತ್ತದೆ, ಹಿಡಿತ ಬಿಡುತ್ತದೆ. ಅಂಥ ಕಡೆ ನೀರನ್ನು ಇಂಗಿಸುವುದಲ್ಲ, ಚರಂಡಿ ಮಾಡಿ ಮೆಲ್ಲಗೆ ಹೊರಗೆ ಕಳಿಸಬೇಕು. ಕೆಳಗೆ ಮನೆ ಇದ್ದರಂತೂ ಕೇಳುವುದೇ ಬೇಡ. ಜೆಸಿಬಿ ತಂದು ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ದಂಡೆ) ಕಡಿದವರು, ಅದೇ ಬರೆಯ ಮೇಲೆ ಗುಂಡಿ ತೋಡಿದ್ದನ್ನೂ ನೋಡಿದ್ದೇನೆ.

ಮಳೆ ನಿಂತ ಮೇಲೆ ತೋಡಿನಲ್ಲಿ ಹರಿಯುವ ನೀರನ್ನು ಹಿಡಿಯುವುದು ಬೇರೆ. ನಿಮ್ಮ ಕಟ್ಟ ಒಳ್ಳೆಯದು. ಗುಡ್ಡದ ವಿಷಯದಲ್ಲಿ ಮಾತ್ರ ಊರಿನ ಹಿರಿಯರನ್ನು ಕೇಳಿ: ಎಲ್ಲಿ ಮೊದಲು ಜರಿದಿತ್ತು, ಎಲ್ಲಿ ಮರ ವಾಲಿದೆ, ಎಲ್ಲಿ ಹೊಸದಾಗಿ ಒರತೆ ಎದ್ದಿದೆ.

ಕಾನುಮನೆ (ಶಿರಸಿ) · 11 ನವೆಂಬರ್

ಒಪ್ಪಿದೆ. ನಮ್ಮದು ಸಪಾಟಾದ ಬೆಟ್ಟ, ಆ ಅಂದಾಜಿನಲ್ಲಿ ಬರೆದೆ. ಕಡಿದಾದ ಕಡೆ ಮಾಡಬಾರದು, ನೀವು ಹೇಳಿದ್ದೇ ಸರಿ.

ಐದು ಸೆಂಟ್ಸ್ (ಪುತ್ತೂರು) · 12 ನವೆಂಬರ್

ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ತೋಡಿನ ಬದಿ ಅಣ್ಣ, ನಿಮ್ಮ ಬೈಲಿನಲ್ಲೂ ಕಾಲನಿ ಇರಬಹುದು. ನಮ್ಮದು ಐದು ಸೆಂಟ್ಸ್ ಜಾಗ, ತೋಟ ಇಲ್ಲ. ನಮ್ಮೂರಲ್ಲೂ ನಾಲ್ಕು ವರ್ಷ ಹಿಂದೆ ಕಟ್ಟ ಹಾಕಿದರು. ಶ್ರಮದಾನ ಎಂದು ಎಲ್ಲರನ್ನೂ ಕರೆದರು. ನನ್ನ ಗಂಡ, ನಾನು, ಅತ್ತೆ ಮೂವರೂ ಹೋದೆವು. ಎರಡು ದಿನದ ಕೂಲಿ ಬಿಟ್ಟು ಕಲ್ಲು ಹೊತ್ತೆವು. ಕಟ್ಟದಲ್ಲಿ ನೀರು ನಿಂತಿತು. ಮೂರೇ ವಾರದಲ್ಲಿ ಬದಿಯ ತೋಟದವರು ಅದಕ್ಕೇ ಪಂಪು ಇಳಿಸಿ ಎಳೆದರು. ನಮ್ಮ ಕಾಲನಿ ಬಾವಿಗೆ ಏನೂ ಆಗಲಿಲ್ಲ, ಅದು ಕೆಳಗೆ ದೂರದಲ್ಲಿತ್ತು. ಏಪ್ರಿಲ್‌ನಲ್ಲಿ ನಾವು ಟ್ಯಾಂಕರ್ ಕಾದೆವು. ಮರುವರ್ಷ ಕರೆದಾಗ ಯಾರೂ ಹೋಗಲಿಲ್ಲ. ಕಟ್ಟವೂ ಆಗಲಿಲ್ಲ. ಕಾಲನಿಯವರಿಗೆ ಊರಿನ ಕೆಲಸದಲ್ಲಿ ಆಸಕ್ತಿ ಇಲ್ಲ ಎಂದು ಹೇಳಿದರು.

ಮಳೆ ಕೈಕೊಟ್ಟರೆ ತೋಟದವರಿಗೆ ಅಡಿಕೆ ಹೋಗುತ್ತದೆ. ನಮಗೆ ಅಡುಗೆಯ ನೀರೇ ಹೋಗುತ್ತದೆ. ಮೊದಲ ಕಟ್ಟ ಎಲ್ಲಿ ಎಂದು ಗುರುತು ಮಾಡುವಾಗ ಕುಡಿಯುವ ಬಾವಿ ಎಲ್ಲಿದೆ ಎಂದು ನೋಡಿ. ಜಾಗ ಇಲ್ಲದವರನ್ನು ಬಿಟ್ಟಿ ಕೆಲಸಕ್ಕೆ ಕರೆಯಬೇಡಿ.

ತೋಡಿನ ಬದಿ · 12 ನವೆಂಬರ್

ಅಕ್ಕ, ಬರೆದದ್ದಕ್ಕೆ ತುಂಬಾ ಉಪಕಾರ. ನಮ್ಮ ಬೈಲಿನ ಕೆಳತುದಿಯಲ್ಲಿ ಹನ್ನೊಂದು ಮನೆಯ ಕಾಲನಿ ಉಂಟು. ನಿಜ ಹೇಳಬೇಕಾದರೆ ನಮ್ಮ ಮಾತುಕತೆಗೆ ನಾವು ಅವರಲ್ಲಿ ಯಾರನ್ನೂ ಕರೆದಿರಲಿಲ್ಲ. ನಾವೂ ಶ್ರಮದಾನ ಎಂದೇ ಯೋಚಿಸಿದ್ದೆವು. ಅದು ತಪ್ಪು. 23ಕ್ಕೆ ಸಭೆ ಇಟ್ಟಿದ್ದೇವೆ, ನಾನೇ ಮನೆ ಮನೆಗೆ ಹೋಗಿ ಹೇಳುತ್ತೇನೆ.

ಕುಂದಗೋಳದಾಕಿ · 13 ನವೆಂಬರ್

ಅಕ್ಕಾರು ಹೇಳಿದ್ದು ಖರೆ. ನಮ್ಮ ಕಡೆಯದೊಂದು ಹೇಳುತ್ತೇನೆ. ನಮ್ಮ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘ ಅಂತ ಇದೆ. ಹೆಣ್ಣುಮಕ್ಕಳೇ ಸೇರಿ ಸಾವಿ, ನವಣಿ ಮತ್ತೆ ಬೆಳೆಯುವ ಹಾಗೆ ಮಾಡಿದರು. ಬೀಜ ಕೂಡಿಟ್ಟರು, ಸಿರಿಧಾನ್ಯ ಸಂಸ್ಕರಣೆಯ ಯಂತ್ರ ಹಾಕಿದರು. ಈ ವರ್ಷ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು.

ಸಾವಿ ಬೆಳೆದರೂ ಮನೆಯಲ್ಲಿ ಕುಟ್ಟಿ ಸಿಪ್ಪೆ ತೆಗೆಯುವ ಕಷ್ಟಕ್ಕೇ ಹೆಂಗಸರು ಅದನ್ನು ಬಿಟ್ಟಿದ್ದರು. ಯಂತ್ರ ಬಂದ ಮೇಲೆ ಬೆಳೆಯೂ ಬಂತು. ಮಳೆ ಹಿಂದುಮುಂದಾದರೂ ಸಾವಿ ಕೈಬಿಡುವುದಿಲ್ಲ ಅಂತ ನಮ್ಮಜ್ಜಿಗೆ ಗೊತ್ತಿತ್ತು. ಕಷ್ಟ ಯಾರ ಮೈಮೇಲೆ ಬೀಳುತ್ತದೆ ಅನ್ನೋದು ಬೇರೆಯವರಿಗೆ ಗೊತ್ತಾಗಲಿಲ್ಲ.

ಬೆಂಗಳೂರಿಂದ · 13 ನವೆಂಬರ್

ನಮ್ಮ ಮನೆ ಅಡ್ಯನಡ್ಕದ ಹತ್ತಿರ, ಈಗ ಬೆಂಗಳೂರಲ್ಲಿ ಕೆಲಸ. ಓದುತ್ತಾ ಅಮೈ ಮಹಾಲಿಂಗ ನಾಯ್ಕರ ನೆನಪಾಯಿತು. ಬೋಳು ಗುಡ್ಡಕ್ಕೆ ಒಬ್ಬರೇ ಸುರಂಗ ಕೊರೆದು, ಸುಮಾರು ಸಲ ನೀರು ಸಿಗದೆ ಹೋದರೂ ಬಿಡದೆ, ಕೊನೆಗೆ ತೋಟ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು. ಆ ಛಲ ಎಲ್ಲರಿಗೂ ಬರುವುದಿಲ್ಲ. ಹತ್ತು ಮನೆ ಸೇರಿದರೆ ಅಷ್ಟು ಛಲ ಬೇಕಾಗುವುದೂ ಇಲ್ಲ. ನಾನು ಊರಲ್ಲಿ ಇಲ್ಲ, ಕೈಕೆಲಸಕ್ಕೆ ಬರಲಾಗದು. ಹಾಳೆಯ ಖರ್ಚಿಗೆ ನನ್ನದೂ ಒಂದು ಪಾಲು ಇರಲಿ.

ತೋಡಿನ ಬದಿ · 24 ನವೆಂಬರ್

ನಿನ್ನೆ ಸಭೆ ಆಯಿತು. ಹತ್ತೊಂಬತ್ತು ಮನೆಯವರು ಬಂದರು, ಕಾಲನಿಯಿಂದ ಏಳು ಮನೆ. ಎರಡೂವರೆ ಗಂಟೆ ಮಾತು. ಸ್ವಲ್ಪ ಜಗಳವೂ ಆಯಿತು.

ಮೂರು ಕಟ್ಟ. ಮೊದಲನೆಯದು ಕಾಲನಿ ಬಾವಿಯ ನೇರಕ್ಕೆ. ತೋಟ ಇದ್ದವರು ಎಕರೆ ಲೆಕ್ಕದಲ್ಲಿ ಹಣ ಹಾಕುವುದು, ಜಾಗ ಇಲ್ಲದವರಿಗೆ ಪೂರ್ತಿ ಕೂಲಿ. ಇದಕ್ಕೆ ಬೇಗ ಒಪ್ಪಿಗೆ ಸಿಕ್ಕಿತು. ಕಷ್ಟ ಆದದ್ದು ಪಂಪಿನ ವಿಷಯ. ಕಟ್ಟದ ನೀರಿಗೆ ಯಾರೂ ಪಂಪು ಇಳಿಸಬಾರದು, ಬಾವಿಯಿಂದ ಮಾತ್ರ ಎಳೆಯಬೇಕು ಎಂದು ನಾನು ಹೇಳಿದೆ. ಮೇಲಿನ ತೋಟದ ಹಿರಿಯರೊಬ್ಬರು ಎದ್ದು ನಿಂತರು. ಅವರಿಗೆ ತೋಡಿನಿಂದಲೇ ಐದು ಎಚ್‌ಪಿ ಪಂಪು. ಬಾವಿ ಕುಸಿದು ಹತ್ತು ವರ್ಷ, ಸಾಲ ಉಂಟು, ಫಲ ಬರುವ ಮರಗಳು. "ನನ್ನ ತೋಟ ಒಣಗಲಿ ಎಂದು ಹೇಳುತ್ತೀರಾ" ಎಂದರು. ಯಾರಿಗೂ ಮಾತು ಬರಲಿಲ್ಲ.

ಕಾಲನಿಯ ಒಬ್ಬ ಹುಡುಗ, ಬಾವಿ ಕೆಲಸ ಮಾಡುವವನು, ದಾರಿ ತೋರಿಸಿದ. ಆ ಹಿರಿಯರ ಕುಸಿದ ಬಾವಿಯ ಮಣ್ಣು ತೆಗೆದು ನಾಲ್ಕು ರಿಂಗ್ ಇಳಿಸಿದರೆ ಕಟ್ಟದ ನೀರು ಅಲ್ಲಿಗೇ ಇಂಗಿ ಬರುತ್ತದೆ ಎಂದ. ಖರ್ಚಿನಲ್ಲಿ ಅರ್ಧ ಅವರದು, ಅರ್ಧ ಎಲ್ಲರದು. ಅದಾಗುವ ತನಕ ಅವರು ದಿನ ಬಿಟ್ಟು ದಿನ ಎರಡು ಗಂಟೆ ಪಂಪು ಹಾಕಬಹುದು. ಅವರು ತಲೆ ಆಡಿಸಿದರು.

ಸ್ಪ್ರಿಂಕ್ಲರ್ ಇರುವ ನಾವು ನಾಲ್ಕು ಮನೆಯವರು ಹನಿ ನೀರಾವರಿಗೆ ಹೋಗುವುದಾಗಿ ಹೇಳಿದ್ದೇವೆ. ಹನಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಕಟ್ಟ ಹಾಕಿ ಮೊದಲಿನ ಹಾಗೇ ನೀರು ಚೆಲ್ಲಿದರೆ ಏನು ಬಂತು?

ಮತ್ತೆ, ಮಡಿಕೇರಿಯವರ ಮಾತು ಓದಿ ಹೇಳಿದೆ. ಗುಡ್ಡದ ಗುಂಡಿ ಕೆಲಸ ಕೈಬಿಟ್ಟಿದ್ದೇವೆ.

ಏರಿ ಮೇಲೆ (ಕೋಲಾರ) · 24 ನವೆಂಬರ್

ಹಲಗೆ ಯಾರ ಕೈಯಲ್ಲಿ?

ತೋಡಿನ ಬದಿ · 24 ನವೆಂಬರ್

ಬರೆಯಲು ಬಿಟ್ಟುಹೋಯಿತು. ಕಾಲನಿಯ ಇಬ್ಬರು ಮತ್ತು ಮೇಲಿನ ತೋಟದ ಆ ಹಿರಿಯರು. ಆರು ತಿಂಗಳಿಗೆ ಆ ಇಬ್ಬರಿಗೆ ಸಣ್ಣ ಸಂಬಳ. ಹಿರಿಯರು ಬೇಡ ಎಂದರು. ಹಲಗೆಗಳು ಅವರ ಕೊಟ್ಟಿಗೆಯ ಅಟ್ಟದಲ್ಲಿ ಇರುತ್ತವೆ.

ತೋಡಿನ ಬದಿ · 15 ಡಿಸೆಂಬರ್

ಮೂರು ಕಟ್ಟ ಮುಗಿಯಿತು. ಐದು ದಿನದ ಕೆಲಸ. ಎರಡನೆಯದು ಮಾರನೇ ದಿನವೇ ಅಡಿಯಿಂದ ಸೋರಿತು. ಶಿರಸಿಯವರು ಹೇಳಿದ್ದರೂ ಒಂದು ಬದಿಯಲ್ಲಿ ಮರಳು ಪೂರ್ತಿ ತೆಗೆದಿರಲಿಲ್ಲ. ಬಿಚ್ಚಿ, ಬಗೆದು, ಮತ್ತೆ ಕಟ್ಟಿದೆವು. ಈಗ ನಿಂತಿದೆ. ಸಂಜೆ ಮಕ್ಕಳೆಲ್ಲ ಅಲ್ಲೇ ಇರುತ್ತಾರೆ. ಹಿರಿಯರು ದಂಡೆಯಲ್ಲಿ ಕೂತು ನೋಡುತ್ತಾರೆ.

ತೋಡಿನ ಬದಿ · 22 ಫೆಬ್ರವರಿ 2026

ಕೇಳಿದವರಿಗೆಲ್ಲ ಒಟ್ಟಿಗೆ ಹೇಳುತ್ತೇನೆ. ನಮ್ಮ ತೋಡಿನಲ್ಲಿ ಇವತ್ತಿಗೂ ನೀರು ಉಂಟು. ಕಾಲನಿ ಬಾವಿಯ ಹಗ್ಗಕ್ಕೆ ಡಿಸೆಂಬರ್‌ನಲ್ಲಿ ಕೆಂಪು ದಾರ ಕಟ್ಟಿದ್ದೆವು. ನೀರು ಅದರಿಂದ ಎರಡು ಅಡಿ ಮಾತ್ರ ಇಳಿದಿದೆ. ಕಳೆದ ವರ್ಷ ಈ ಹೊತ್ತಿಗೆ ತಳ ಕಾಣುತ್ತಿತ್ತು ಎಂದು ಅಲ್ಲಿಯ ಅಕ್ಕಂದಿರು ಹೇಳುತ್ತಾರೆ. ಕಳೆದ ವರ್ಷ ಯಾರೂ ಅಳೆದಿರಲಿಲ್ಲ. ಮಳೆಯೂ ಈ ಸಲ ಬೇಗ ಶುರುವಾಗಿತ್ತು. ಹಾಗಾಗಿ ಎಲ್ಲವೂ ಕಟ್ಟದಿಂದಲೇ ಎಂದು ನಾನು ಹೇಳುವುದಿಲ್ಲ. ಇನ್ನು ಪ್ರತಿ ಭಾನುವಾರ ಐದು ಬಾವಿ ಅಳೆದು ಪುಸ್ತಕದಲ್ಲಿ ಬರೆಯುತ್ತೇವೆ. ಹೈಸ್ಕೂಲಿನ ಇಬ್ಬರು ಹುಡುಗಿಯರು ಆ ಕೆಲಸ ವಹಿಸಿಕೊಂಡಿದ್ದಾರೆ.

ಮೇಲಿನ ಬಾವಿಗೆ ರಿಂಗ್ ಇಳಿಸಿ ಆಯಿತು. ಜನವರಿ ಕೊನೆಯಿಂದ ತೋಡಿಗೆ ಪಂಪು ಇಲ್ಲ.

ಐದು ಸೆಂಟ್ಸ್ (ಪುತ್ತೂರು) · 22 ಫೆಬ್ರವರಿ

ಓದಿ ಕಣ್ಣು ತುಂಬಿತು ಅಣ್ಣ. ನಮ್ಮೂರಿನವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಬರಬಹುದಾ? ತೋಟದವರೂ ಬರುತ್ತಾರೆ, ನಾವೂ ಬರುತ್ತೇವೆ.

ತೋಡಿನ ಬದಿ · 23 ಫೆಬ್ರವರಿ

ಖಂಡಿತ ಬನ್ನಿ ಅಕ್ಕ. ಶನಿವಾರ ಮಧ್ಯಾಹ್ನ ಊಟಕ್ಕೇ ಬನ್ನಿ. ಎಷ್ಟು ಜನ ಎಂದು ಮೊದಲೇ ತಿಳಿಸಿ. ಮೊದಲ ಕಟ್ಟ ತೋರಿಸಲು ಕಾಲನಿಯವರೇ ಬರುತ್ತಾರಂತೆ. ಚಪ್ಪಲಿ ಹಳೆಯದು ಹಾಕಿಕೊಳ್ಳಿ, ತೋಡಿಗೆ ಇಳಿಯಬೇಕಾಗುತ್ತದೆ.